ಮಚ್ಚೆ ಬಿದ್ದ ಹಳೇ ಕನ್ನಡಿಗಳು: ಹೊಸ ರಸ ಹಾಕಿಸ್ಲಾ, ಹಾಗೇ ಗೋಡೆಗೆ ಏರಿಸ್ಲಾ?

ಮೂಲೆಮನೆ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ದೊಡ್ಡಮ್ಮನ ಮನೆ ಖಾಲಿ ಮಾಡುವಾಗ ಅಟ್ಟದಿಂದ ನಾಲ್ಕು ಹಳೇ ಕನ್ನಡಿ ಇಳಿದ್ವು. ಯಾರಿಗೂ ಬೇಡ ಅಂದ್ರು, ನಾನು ಹೊತ್ಕೊಂಡು ಬಂದೆ, ಈಗ ಮನೇಲಿ ಎಲ್ರೂ ಕನ್ನಡಿ ಬಿಟ್ಟು ನನ್ನ ಮುಖಾನೇ ನೋಡ್ತಿದಾರೆ. ದೊಡ್ಡದೊಂದು, ಹತ್ತಿರ ಹತ್ತಿರ 5 ಅಡಿ ಎತ್ತರ, ಎರಡೂವರೆ ಅಡಿ ಅಗಲ, ಚಿನ್ನದ ಬಣ್ಣದ ಕೆತ್ತನೆ ಚೌಕಟ್ಟು, ಒಳಗೆ ಒಂದೇ ಗಾಜಲ್ಲ, ಮೇಲೊಂದು ಕೆಳಗೊಂದು ಎರಡು ತುಂಡು ಜೋಡಿಸಿದಾರೆ. ಮೇಲಿನ ತುಂಡಲ್ಲಿ ಮುಖ ಕಾಣುತ್ತೆ ಆದ್ರೆ ಮೋಡ ಕವಿದ ದಿನದ ಹಾಗೆ ಒಂಥರಾ ನೀಲಿ ಬೂದು. ಕೆಳಗಿನ ಅಂಚಲ್ಲಿ ಪೂರ್ತಿ ಬೂದು ಮಚ್ಚೆ, ಹತ್ತಿರ ಹೋಗಿ ನೋಡಿದ್ರೆ ಉಪ್ಪಿನ ಹರಳಿನ ಥರ ಮಿಣುಗುತ್ತೆ. ಎರಡನೇದು ಊಟದ ತಟ್ಟೆಯಷ್ಟು ದುಂಡಗಿರೋದು, ಕಪ್ಪು ಚೌಕಟ್ಟು, ಗಾಜು ಹೊರಗೆ ಉಬ್ಬಿದೆ, ಅದರಲ್ಲಿ ಇಡೀ ಕೋಣೆ ಪುಟ್ಟದಾಗಿ ಕಾಣುತ್ತೆ. ಮೂರನೇದಕ್ಕೆ ಚೌಕಟ್ಟೇ ಇಲ್ಲ, ಗಾಜೇ ತಿಳಿ ಗುಲಾಬಿ, ಮೇಲ್ಭಾಗ ಬೀಸಣಿಗೆ ಆಕಾರಕ್ಕೆ ಕತ್ತರಿಸಿದಾರೆ. ನಾಲ್ಕನೇದು ಮೇಜಿನ ಮೇಲಿಡೋ ಶೇವಿಂಗ್ ಕನ್ನಡಿ, ಸ್ಟ್ಯಾಂಡಲ್ಲಿ ಹಿಂದೆ ಮುಂದೆ ತಿರುಗುತ್ತೆ, ಮುಖ ದೊಡ್ಡದಾಗಿ ಕಾಣುತ್ತೆ.

ನಮ್ಮ ಯಜಮಾನರು ದೊಡ್ಡದರ ರಸ ಕೆರೆಸಿ ಹೊಸದು ಹಾಕಿಸು ಇಲ್ಲಾ ಗಾಜೇ ಬದಲಾಯಿಸು ಅಂತಾರೆ. ನಾದಿನಿ ನಾಲ್ಕನ್ನೂ ಒಟ್ಟಿಗೆ ಹಾಕಿದ್ರೆ ಮನೆ ಗುಜರಿ ಥರ ಕಾಣುತ್ತೆ ಅಂತಾಳೆ. ನನಗೋ ಆ ಮಚ್ಚೆಗಳೇ ಇಷ್ಟ ಆಗ್ಬಿಟ್ಟಿದೆ. ಮನೇಲಿ ಹಾಲ್‌ಗೆ ಒಂದೇ ಕಿಟಕಿ, ಆಮೇಲೆ ಕತ್ತಲೆ ಕತ್ತಲೆ ಇರೋ ಉದ್ದ ಪ್ಯಾಸೇಜ್, ಎರಡು ಮಲಗೋ ಕೋಣೆ. ಯಾವುದನ್ನ ಎಲ್ಲಿ ಹಾಕ್ಲಿ, ದೊಡ್ಡದನ್ನ ರಿಪೇರಿ ಮಾಡಿಸ್ಬೇಕಾ ಬೇಡ್ವಾ, ಗೊತ್ತಿರೋರು ಹೇಳಿ.

ಹಳೆಗಾಜು:

ರಸ ಕೆರೆಸೋ ಮಾತು ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ. ನೀಲಿ ಬೂದು ಬಣ್ಣ, ಹರಳಿನ ಥರ ಮಿಣುಗೋ ಮಚ್ಚೆ, ಎರಡು ತುಂಡು ಗಾಜು, ಮೂರೂ ಒಟ್ಟಿಗೆ ಓದ್ತಿದ್ದ ಹಾಗೆ ನನ್ನ ಕಿವಿ ನೆಟ್ಟಗಾಯ್ತು.

ಕನ್ನಡಿ ಹಿಂದೆ ಏನೇ ಇದ್ರೂ ನಾವು ಅದಕ್ಕೆ ಪಾದರಸ ಅಂತಲೇ ಹೇಳೋದು, ಆದ್ರೆ ಇವತ್ತು ಮಾಡೋ ಕನ್ನಡಿಗಳಲ್ಲಿ ಅದು ಒಂದು ತೊಟ್ಟೂ ಇಲ್ಲ, ಬೆಳ್ಳಿ ಇಲ್ಲಾ ಅಲ್ಯೂಮಿನಿಯಂ ಅಷ್ಟೇ. ನಿಜವಾದ ಪಾದರಸದ ಕನ್ನಡಿ ಮಾಡ್ತಿದ್ದದ್ದು 16ನೇ ಶತಮಾನದಿಂದ 19ನೇ ಶತಮಾನದ ಕೊನೆ ತನಕ. ಚಪ್ಪಟೆ ಮೇಜಿನ ಮೇಲೆ ತವರದ ತೆಳು ಹಾಳೆ ಹರಡಿ, ಅದರ ಮೇಲೆ ಪಾದರಸ ಸುರಿದು, ಮೇಲಿಂದ ಗಾಜನ್ನ ಮೆಲ್ಲಗೆ ಜಾರಿಸಿ, ಭಾರ ಹೇರಿ ಬಿಡೋರು. ಮೇಜು ಓರೆ ಮಾಡಿ ಹೆಚ್ಚಾದ ಪಾದರಸ ದಿನಗಟ್ಲೆ ಬಸಿಯೋದು. ಕೆಲಸ ಮಾಡ್ತಿದ್ದವರ ಗತಿ ಏನಾಗ್ತಿತ್ತು ಅಂತ ಬೇರೆ ಹೇಳ್ಬೇಕಿಲ್ಲ, ನರ ಎಲ್ಲ ಹೋಗಿ ಕೈ ನಡುಗೋದು. 1835ರಲ್ಲಿ ಯುಸ್ಟಸ್ ಫಾನ್ ಲೀಬಿಗ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ ಬೆಳ್ಳಿಯ ದ್ರಾವಣದಿಂದ ಗಾಜಿನ ಮೇಲೆ ಬೆಳ್ಳಿ ಕೂರಿಸಬಹುದು ಅಂತ ಕಂಡ್ಕೊಂಡ್ರು, ಆ ಶತಮಾನದ ಎರಡನೇ ಅರ್ಧದಲ್ಲಿ ನಿಧಾನಕ್ಕೆ ಅದೇ ಎಲ್ಲಾ ಕಡೆ ಬಂತು.

ಎರಡೂ ಹಾಳಾಗೋ ರೀತಿ ಬೇರೆ. ಬೆಳ್ಳಿದು ಕಪ್ಪಾಗುತ್ತೆ, ಅಂಚಿಂದ ಕರಿ ಗೆರೆ ಒಳಗೆ ಹರಿದು ಬರುತ್ತೆ, ನಡುವೆ ಕಂದು ಹಳದಿ ಕಲೆ. ಪಾದರಸ ತವರದ್ದು ಬೂದು ಆಗುತ್ತೆ, ಕಣ ಕಣ ಆಗಿ ಮಿಣುಗುತ್ತೆ, ಜಾಸ್ತಿ ಹಾಳಾಗೋದು ಕೆಳಗಡೆ, ಯಾಕಂದ್ರೆ ಅದರೊಳಗೆ ಇನ್ನೂ ದ್ರವವಾಗೇ ಇರೋ ಪಾದರಸ ನೂರಾರು ವರ್ಷ ಆದ್ರೂ ಭಾರಕ್ಕೆ ಕೆಳಗೆ ಇಳೀತಾನೇ ಇರುತ್ತೆ. ಎರಡು ತುಂಡು ಗಾಜು ಇದೆ ಅಂದ ಮಾತ್ರಕ್ಕೆ ಅಷ್ಟು ಹಳೇದು ಅಂತ ಹೇಳಕ್ಕಾಗಲ್ಲ, ದೊಡ್ಡ ಗಾಜು ದುಬಾರಿ ಅಂತ ಆಮೇಲೂ ಹಾಗೆ ಜೋಡಿಸ್ತಿದ್ರು. ಆದ್ರೆ ಬಣ್ಣ ಮತ್ತೆ ಮಚ್ಚೆ ಸೇರಿದ್ರೆ ಅನುಮಾನ ಬರಲೇಬೇಕು.

ಈಗ ನೀವು ಮಾಡ್ಬೇಕಾಗಿರೋದು ಇಷ್ಟೇ. ಅದನ್ನ ಮಲಗಿಸ್ಬೇಡಿ. ತಲೆಕೆಳಗೆ ಅಂತೂ ಮಾಡಲೇಬೇಡಿ, ಕೆಳಗೆ ಇಳಿದಿರೋದು ವಾಪಸ್ ಚೆನ್ನಾಗಿರೋ ಭಾಗಕ್ಕೆ ಹರಿದು ಅದನ್ನೂ ತಿಂದು ಹಾಕುತ್ತೆ. ನಿಲ್ಲಿಸಿಕೊಂಡೇ, ಬಿಚ್ಚದೆ, ಹಿಂದಿನ ಹಲಗೆ ಸಂದಿಯಿಂದ ಟಾರ್ಚ್ ಹಾಕಿ ನೋಡಿ. ಗಾಜಿನ ಬೆನ್ನಿಗೆ ಕೆಂಪೋ ಕಂದೋ ಬೂದೋ ಪೇಂಟ್ ಬಳಿದಿದ್ರೆ ಬೆಳ್ಳಿ ಕನ್ನಡಿ. ಪೇಂಟೇ ಇಲ್ದೆ ಮಂಕಾದ ತಗಡಿನ ಥರ ಲೋಹ ಕಂಡ್ರೆ ಪಾದರಸದ್ದು. ಏನು ಕಾಣ್ತು ಅಂತ ಇಲ್ಲಿ ಬಂದು ಹೇಳಿ, ಅಲ್ಲಿ ತನಕ ಮಕ್ಕಳ ಕೋಣೇಲಿ ಇಡ್ಬೇಡಿ.

ಬಿಸಿಲುಕೋಲು:

ರಿಪೇರಿ ವಿಷಯ ಹಳೆಗಾಜು ಅವರು ನೋಡ್ಕೋತಾರೆ, ನಾನು ಎಲ್ಲಿ ಹಾಕೋದು ಅನ್ನೋದು ಹೇಳ್ತೀನಿ, ನಾನು ಈ ತಪ್ಪೆಲ್ಲ ಮಾಡಿ ಕಲಿತವಳು.

ಕನ್ನಡಿ ಎಲ್ಲಿ ಹಾಕ್ಲಿ ಅಂತ ಎಲ್ರೂ ಖಾಲಿ ಗೋಡೆ ಹುಡುಕ್ತಾರೆ. ಗೋಡೆ ನೋಡ್ಬಾರದು, ಆ ಗೋಡೆಯ ಎದುರು ಏನಿದೆ ಅಂತ ನೋಡ್ಬೇಕು. ನಾನು ಒಂದು ಚಂದದ ಕನ್ನಡಿ ತಂದು ಸೋಫಾ ಹಿಂದೆ ಹಾಕಿದೆ, ಆರು ತಿಂಗಳು ಅದು ಎದುರಿನ ಚಪ್ಪಲಿ ಸ್ಟ್ಯಾಂಡನ್ನ ತೋರಿಸ್ತು, ಮನೆಗೆ ಬಂದವರಿಗೆಲ್ಲ ಎರಡೆರಡು ಚಪ್ಪಲಿ ಸ್ಟ್ಯಾಂಡ್. ಅದಕ್ಕೇ ಗೋಡೆಗೆ ತೂತು ಹೊಡೆಯೋ ಮುಂಚೆ ಒಂದು ಚಿಕ್ಕ ಕನ್ನಡಿ ಹಿಡ್ಕೊಂಡು ಅಲ್ಲಿ ನಿಲ್ಲೋಕೆ ಯಾರಿಗಾದ್ರೂ ಹೇಳಿ, ನೀವು ಮಾಮೂಲಿ ಕೂರೋ ಜಾಗದಲ್ಲಿ ಕೂತು, ಬಾಗಿಲಲ್ಲಿ ನಿಂತು, ಏನು ಕಾಣುತ್ತೆ ನೋಡಿ. ಬೆಳಗ್ಗೆ ಒಮ್ಮೆ ಸಂಜೆ ದೀಪ ಹಾಕಿದ್ಮೇಲೆ ಒಮ್ಮೆ.

ಬೆಳಕು ಜಾಸ್ತಿ ಬೇಕು ಅಂದ್ರೆ ಕಿಟಕಿ ಎದುರಿನ ಗೋಡೆ ಸರಿ. ಫ್ರಾನ್ಸಿನ ವರ್ಸಾಯ್ ಅರಮನೆಯ ಕನ್ನಡಿ ಹಜಾರದಲ್ಲಿ ಮಾಡಿದ್ದು ಇದೇ ಲೆಕ್ಕ: ತೋಟದ ಕಡೆ 17 ಕಿಟಕಿ, ಅವಕ್ಕೆ ನೇರ ಎದುರು 17 ಕಮಾನು, ಒಂದೊಂದು ಕಮಾನಿಗೆ 21ರಂತೆ ಒಟ್ಟು 357 ಕನ್ನಡಿ. 1684ರಲ್ಲಿ ಮುಗಿದಾಗ ಅಷ್ಟಗಲದ ಒಂದೇ ಗಾಜು ಮಾಡೋಕೆ ಬರ್ತಿರಲಿಲ್ಲ, ಅದಕ್ಕೇ ಅಷ್ಟು ತುಂಡು. ಆದ್ರೆ ನಿಮ್ಮ ದೊಡ್ಡದರಂಥ ಮಚ್ಚೆ ಕನ್ನಡಿಗೆ ನಾನು ನೇರ ಎದುರು ಹೇಳಲ್ಲ. ನೇರ ಬಿಸಿಲು ಬಿದ್ರೆ ಬಿಸಿ ತಾಗಿ ಹಿಂದಿನ ಲೇಪ ಇನ್ನಷ್ಟು ಹಾಳು, ನೋಡೋರಿಗೆ ಕಣ್ಣು ಕುಕ್ಕುತ್ತೆ, ಮಚ್ಚೆಗಳೂ ಬರೀ ಕೊಳೆ ಥರ ಕಾಣುತ್ತೆ. ಕಿಟಕಿ ಪಕ್ಕದ ಗೋಡೆಗೆ, ಅಂದ್ರೆ ಬೆಳಕು ಓರೆಯಾಗಿ ಸವರಿಕೊಂಡು ಹೋಗೋ ಕಡೆ ಹಾಕಿ, ಆಗ ಅದೇ ಬೂದು ಒಂದು ಆಳ ತಗೊಳುತ್ತೆ, ಹೊಗೆ ಹಿಂದೆ ಇನ್ನೊಂದು ಕೋಣೆ ಇದ್ದ ಹಾಗೆ. ರಾತ್ರಿ ಹತ್ತಿರದಲ್ಲಿ ಶೇಡ್ ಇರೋ ಒಂದು ಟೇಬಲ್ ಲ್ಯಾಂಪ್ ಇಟ್ರೆ ಸಾಕು, ಮೇಲಿನ ಟ್ಯೂಬ್‌ಲೈಟ್ ಬೆಳಕಲ್ಲಿ ಮಾತ್ರ ಇಂಥ ಕನ್ನಡಿ ನೋಡ್ಬೇಡಿ, ನಾದಿನಿ ಗೆದ್ದುಬಿಡ್ತಾರೆ.

ಎತ್ತರ: ಕನ್ನಡಿಯ ಮಧ್ಯಭಾಗ ನೆಲದಿಂದ 145ರಿಂದ 150 ಸೆಂ.ಮೀ. ಹತ್ತಿರ ಇದ್ರೆ ಬಹುತೇಕರಿಗೆ ಸರಿ ಹೋಗುತ್ತೆ. ಕೆಳಗೆ ಮೇಜೋ ಕಪಾಟೋ ಇದ್ರೆ ಅದಕ್ಕೂ ಕನ್ನಡಿಗೂ ನಡುವೆ ಒಂದು ಗೇಣು ಬಿಟ್ರೆ ಸಾಕು, ಜಾಸ್ತಿ ಬಿಟ್ರೆ ಎರಡಕ್ಕೂ ಸಂಬಂಧವೇ ಇಲ್ಲದ ಹಾಗೆ ತೇಲುತ್ತೆ. ಇನ್ನೊಂದು, ಪೂರ್ತಿ ಮೈ ಕಾಣೋಕೆ ಆಳೆತ್ತರದ ಕನ್ನಡಿ ಬೇಕು ಅನ್ನೋದು ಸುಳ್ಳು. ನಿಮ್ಮೆತ್ತರದ ಅರ್ಧ ಇದ್ರೆ ಸಾಕು, ಮೇಲಿನ ಅಂಚು ಕಣ್ಣಿಗೂ ನೆತ್ತಿಗೂ ನಡುವೆ, ಕೆಳಗಿನ ಅಂಚು ಕಣ್ಣಿಗೂ ಪಾದಕ್ಕೂ ನಡುವೆ ಬರೋ ಹಾಗೆ ನೇರ ಹಾಕಿದ್ರೆ ಆಯ್ತು, ಹಿಂದೆ ಹೋದ್ರೂ ಮುಂದೆ ಬಂದ್ರೂ ಅಷ್ಟೇ ಕಾಣೋದು. ನಂಬಿಕೆ ಇಲ್ದಿದ್ರೆ ಗಾಜಿಗೆ ಪೇಪರ್ ಅಂಟಿಸಿ ನೋಡಿ, ನಾನು ನೋಡಿದೀನಿ.

ನೇರಮಾತು:

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ, ಇಲ್ಲಿ ಕನ್ನಡಿಗೇ ಹುಣ್ಣು 😄 ಮುಖ ಕಾಣದ ಮೇಲೆ ಅದು ಕನ್ನಡಿ ಹೇಗಾಗುತ್ತೆ ಸ್ವಾಮಿ. ಚೌಕಟ್ಟು ಇಟ್ಕೊಂಡು ಗಾಜು ಹೊಸದು ಹಾಕಿಸಿ, ಒಂದು ದಿನದ ಕೆಲಸ. ಯಜಮಾನರು ಹೇಳಿದ್ದೇ ಸರಿ.

ಬಿಸಿಲುಕೋಲು:

ಮುಖ ನೋಡ್ಕೊಳ್ಳೋಕೆ ಬಚ್ಚಲಲ್ಲಿ ಒಂದು ಹೊಸ ಕನ್ನಡಿ ಇರುತ್ತಲ್ಲ ಸರ್. ಹೊಳೆಯೋ ಹೊಸ ಗಾಜನ್ನ ಆ ಮಾಸಿದ ಕೆತ್ತನೆ ಒಳಗೆ ಕೂರಿಸಿ ನೋಡಿ, ಮುದುಕರ ಬಾಯಿಗೆ ಹಾಲುಹಲ್ಲು ಬಂದ ಹಾಗೆ ಕಾಣುತ್ತೆ.

ಮೂಲೆಮನೆ:

ಹಳೆಗಾಜು ಅವ್ರೇ, ನೋಡ್ದೆ. ಪೇಂಟ್ ಇಲ್ಲ! ಹಿಂದಿನ ಹಲಗೆಗಳ ಮಧ್ಯ ಬೆರಳಗಲ ಸಂದಿ ಬಿಟ್ಕೊಂಡಿದೆ, ಅಲ್ಲಿಂದ ಟಾರ್ಚ್ ಹಾಕಿದ್ರೆ ಹಳೇ ತಗಡಿನ ಥರ ಬೆಳ್ಳಗೆ ಮಂಕಾಗಿದೆ. ಆದ್ರೆ ಇನ್ನೊಂದು ಕಾಣ್ತು, ಅದಕ್ಕೇ ಕೈ ಕಾಲು ಆಡ್ತಿಲ್ಲ. ಚೌಕಟ್ಟಿನ ಕೆಳಗಿನ ಪಟ್ಟಿ ಮೇಲೆ ಧೂಳಿನ ಜೊತೆ ಸಾಸಿವೆಗಿಂತ ಸಣ್ಣ ಬೆಳ್ಳಿ ಗುಂಡುಗಳು ಏಳೆಂಟು ಇವೆ, ಕನ್ನಡಿ ಇಟ್ಟಿದ್ದ ನೆಲದ ಮೇಲೂ ಒಂದೆರಡು. ನಾನು ಪೊರಕೆ ತಗೊಳ್ಳೋಕೆ ಹೋಗಿದ್ದೆ, ಆಮೇಲೆ ಮೊದಲು ಇಲ್ಲಿ ಕೇಳೋಣ ಅಂತ ಬಂದೆ.

ಹಳೆಗಾಜು:

ಪೊರಕೆ ಮುಟ್ಟದೆ ಇದ್ದದ್ದು ಬಹಳ ಒಳ್ಳೇದಾಯ್ತು. ಗಾಬರಿ ಬೇಡ, ಆದ್ರೆ ಸಸಾರ ಮಾಡೋ ವಿಷಯವೂ ಅಲ್ಲ. ಅದು ಪಾದರಸವೇ.

ಕಿಟಕಿ ತೆಗೀರಿ, ಆ ಕೋಣೆ ಬಾಗಿಲು ಹಾಕಿ, ಮಕ್ಕಳು ಬೆಕ್ಕು ನಾಯಿ ಯಾರೂ ಬರ್ಬಾರದು. ಗುಡಿಸಬಾರದು, ಗುಡಿಸಿದ್ರೆ ಒಂದು ಗುಂಡು ನೂರಾಗಿ ಸಂದಿ ಸಂದಿಗೆ ಸೇರುತ್ತೆ. ವ್ಯಾಕ್ಯೂಮ್ ಕ್ಲೀನರ್ ಹಾಕಿದ್ರಂತೂ ಅದು ಆವಿಯಾಗಿ ಮನೆಯೆಲ್ಲ ಹರಡುತ್ತೆ. ಕೈಯಲ್ಲಿರೋ ಚಿನ್ನ ತೆಗೆದಿಟ್ಟು ರಬ್ಬರ್ ಕೈಗವಸು ಹಾಕ್ಕೊಳ್ಳಿ (ಪಾದರಸ ಚಿನ್ನಕ್ಕೆ ಅಂಟಿದ್ರೆ ಉಂಗುರ ಕೆಟ್ಟ ಹಾಗೇ, ನಿಮ್ಮ ಚೌಕಟ್ಟಿನ ಚಿನ್ನಕ್ಕೂ ಅದೇ ಭಯ). ಎರಡು ಗಟ್ಟಿ ಕಾಗದದ ತುಂಡಿಂದ ಗುಂಡುಗಳನ್ನ ಮೆಲ್ಲಗೆ ಒಂದು ಕಡೆ ತಳ್ಳಿ, ಚಿಕ್ಕ ಚಿಕ್ಕವನ್ನ ಅಂಟುಟೇಪಿಗೆ ಒತ್ತಿ ತೆಗೆದು, ಎಲ್ಲಾನೂ ಮುಚ್ಚಳ ಬಿಗಿಯೋ ಡಬ್ಬಕ್ಕೆ ಹಾಕಿ, ಕಾಗದ ಟೇಪು ಕೈಗವಸು ಸಮೇತ. ಟಾರ್ಚನ್ನ ನೆಲದ ಮಟ್ಟಕ್ಕೆ ಓರೆಯಾಗಿ ಹಿಡಿದ್ರೆ ಉಳಿದಿರೋದು ಮಿಂಚುತ್ತೆ. ಸಿಂಕಿಗಾಗಲಿ ಕಸದ ಬುಟ್ಟಿಗಾಗಲಿ ಹಾಕ್ಬೇಡಿ, ಅಪಾಯಕಾರಿ ಕಸ ಅಂತ ಬೇರೆಯಾಗಿ ತಗೊಳ್ಳೋ ಕಡೆ ಕೊಡ್ಬೇಕು. ಆಮೇಲೂ ಒಂದು ದಿನ ಗಾಳಿಯಾಡೋಕೆ ಬಿಡಿ.

ಗೋಡೆ ಮೇಲೆ ಸುಮ್ನೆ ನೇತಾಡೋ ಇಂಥ ಕನ್ನಡಿಯಿಂದ ಬರೋ ಆವಿ ಬಹಳ ಕಡಿಮೆ, ಜಗತ್ತಿನಾದ್ಯಂತ ಅರಮನೆಗಳಲ್ಲಿ, ಮ್ಯೂಸಿಯಂಗಳಲ್ಲಿ ನೇತಾಡ್ತಾನೇ ಇವೆ. ಅಪಾಯ ಇರೋದು ಬಿಚ್ಚುವಾಗ, ಕೆರೆಯುವಾಗ, ಬಿಸಿ ಮಾಡುವಾಗ. ಅದಕ್ಕೇ ನೇರಮಾತು ಅವರು ಹೇಳಿದ "ಒಂದು ದಿನದ ಕೆಲಸ" ಇಲ್ಲಿ ನಡೆಯಲ್ಲ, ಗೊತ್ತಿಲ್ಲದವರು ಹಿಂದಿನ ಲೇಪ ಕೆರೆದ್ರೆ ಅವರ ಆರೋಗ್ಯ ಹೋಗುತ್ತೆ, ಕನ್ನಡಿಯ ಬೆಲೆಯೂ ಹೋಗುತ್ತೆ. ಹಳೇ ವಸ್ತುಗಳ ಸಂರಕ್ಷಣೆ ಕಲಿತವರನ್ನ ಒಮ್ಮೆ ಕರೆಸಿ, ಕೆಳಗಿನ ಅಂಚು ಶುಚಿ ಮಾಡಿ ಹಿಂಭಾಗ ಮುಚ್ಚಿಸಿ. ಆಮೇಲೆ ಹಾಲ್‌ನಲ್ಲಿ ಹಾಕಿ, ಮಲಗೋ ಕೋಣೇಲಿ ಬೇಡ, ಒಲೆ ಹೀಟರ್ ಹತ್ತಿರ ಬೇಡ. ಯಜಮಾನರಿಗೆ ಹೊಸ ಗಾಜು ಬೇಕೇ ಬೇಕು ಅಂದ್ರೆ ಹಳೇದನ್ನ ಆ ಸಂರಕ್ಷಣೆಯವರ ಕೈಲೇ ತೆಗೆಸಿ, ನಿಲ್ಲಿಸಿ, ಜೋಪಾನವಾಗಿ ಇಡಿಸಿ. ಮುಂದೆ ಯಾರಿಗಾದ್ರೂ ಬುದ್ಧಿ ಬಂದಾಗ ವಾಪಸ್ ಹಾಕಬಹುದು.

ನೇರಮಾತು:

ಸರಿ ಸ್ವಾಮಿ, ನನ್ನ ಮಾತು ವಾಪಸ್. ಇದು ಗೊತ್ತಿರಲಿಲ್ಲ.

ರೀಪುಪಟ್ಟಿ:

ನಾ ಚೌಕಟ್ಟಿನ ಕೆಲಸ ಮಾಡಾಂವ, ಎಲ್ಲಾರೂ ಗಾಜಿನ ಬಗ್ಗೆ ಮಾತಾಡಾಕತ್ತೀರಿ, ಅದು ಗ್ವಾಡಿ ಮ್ಯಾಲೆ ನಿಂದರೂದು ಹೆಂಗ ಅಂತ ಯಾರೂ ಕೇಳವಲ್ರಿ.

ಮೊದಲ ತೂಕ ಲೆಕ್ಕ ಹಾಕ್ರಿ. ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕ ಎರಡೂವರೆ ಕೆ.ಜಿ. ತೂಗತೈತಿ. ಅಕ್ಕಾರ ಕನ್ನಡಿ 150 ಸೆಂ.ಮೀ.ಗೆ 75 ಅಂತ ಹಿಡಿದ್ರ, ದಪ್ಪ 4 ಮಿ.ಮೀ. ಇದ್ರ, ಬರೇ ಗಾಜ 11 ಕೆ.ಜಿ. ದಾಟತೈತಿ. ಅದರ ಮ್ಯಾಲೆ ಚೌಕಟ್ಟು, ಹಿಂದಿನ ಹಲಗಿ. ಹಿಂದ ಇರೂ ಹಳೇ ತಂತಿ ಹಳೇ ಹುಕ್ಕು ಎಷ್ಟ ಚಂದ ಇದ್ರೂ ನಂಬಬ್ಯಾಡ್ರಿ. ತಂತಿದು ಇನ್ನೊಂದು ಮೋಸ ಐತಿ: ಅದನ್ನ ಬಿಗಿಯಾಗಿ ಎಳದು ಕಟ್ಟಿದಷ್ಟೂ ಅದರ ಮ್ಯಾಲೆ ಎಳತ ಹೆಚ್ಚು. ತಂತಿ ಅಡ್ಡಗೆರಿಗೆ 30 ಡಿಗ್ರಿ ಓರೆ ಇದ್ರ ಎರಡೂ ಕಡೆ ಒಂದೊಂದಕ್ಕೂ ಪೂರಾ ಕನ್ನಡಿ ತೂಕದಷ್ಟು ಎಳತ ಬೀಳತೈತಿ, 10 ಡಿಗ್ರಿಗೆ ಇಳದ್ರ ಹತ್ತಿರ ಹತ್ತಿರ ಮೂರು ಪಟ್ಟು. ಕನ್ನಡಿ ನಟ್ಟಗ ನಿಂತೈತಿ ಅಂತ ನೀವು ಖುಷಿ ಪಡತಿರತೀರಿ, ಹಿಂದ ತಂತಿ ಉಸಿರು ಬಿಗಿಹಿಡಕೊಂಡಿರತೈತಿ.

ಅದಕ್ಕ ದೊಡ್ಡವಕ್ಕ ತಂತಿನ ಬ್ಯಾಡ. ಒಂದು ಗಟ್ಟಿ ರೀಪನ್ನ ಉದ್ದಕ್ಕ 45 ಡಿಗ್ರಿ ಓರೆಯಾಗಿ ಸೀಳ್ರಿ, ಒಂದು ಪಟ್ಟಿ ಗ್ವಾಡಿಗೆ, ಇನ್ನೊಂದು ಚೌಕಟ್ಟಿನ ಹಿಂದ, ಒಂದರ ಮ್ಯಾಲೊಂದು ಕಚ್ಚಿಕೊಂಡು ಕುಂದರತೈತಿ, ತೂಕ ಪೂರಾ ಉದ್ದಕ್ಕ ಹಂಚತೈತಿ. ಇಷ್ಟು ಹಳೇದಕ್ಕ ನಾ ಇನ್ನೊಂದು ಮಾಡತೀನಿ, ಕೆಳಗ ಚೌಕಟ್ಟಿನ ಅಗಲದ್ದು ಒಂದು ಸಣ್ಣ ಪಟ್ಟಿ ಗ್ವಾಡಿಗೆ ಬಡದು ಅದರ ಮ್ಯಾಲ ಕನ್ನಡಿ ನಿಲ್ಲಿಸಿಬಿಡೂದು, ಮ್ಯಾಲಿನ ಹಿಡಿತ ಬರೇ ಮುಂದ ಬೀಳಲಾರದಂಗ. ಹಳೇ ಮರದ ಜೋಡಣಿಗೆ ಜಗ್ಗೂದ ಇರಂಗಿಲ್ಲ, ಅದು ಬಾಳ ದಿವಸ ಬಾಳತೈತಿ. ಸ್ಕ್ರೂ ಹಾಕೂದಾದ್ರ ಚೌಕಟ್ಟಿನ ಗಟ್ಟಿ ಮರಕ್ಕ ಹಾಕ್ರಿ, ಕೆತ್ತನಿ ಹಿಂದ ಹಾಕಬ್ಯಾಡ್ರಿ.

ಚಿನ್ನದ ಬಣ್ಣ ಅಂದ್ರೆಲ್ಲ, ಅದು ರೇಕೋ (ಚಿನ್ನ ಬಡದು ಮಾಡಿದ ತೆಳು ಹಾಳಿ) ಪೇಂಟೋ ನೋಡ್ರಿ. ನಿಜವಾದ ಚಿನ್ನದ ರೇಕು ಕಪ್ಪಾಗಂಗಿಲ್ಲ, ಸವದಲ್ಲಿ ಕೆಳಗಿನ ಕೆಂಪು ಜೇಡಿ ಕಾಣತೈತಿ, ರೇಕಿನ ಚೌಕ ಚೌಕ ಅಂಚು ಒಂದರ ಮ್ಯಾಲೊಂದು ಹತ್ತಿದ ಗೆರಿ ಕಾಣತಾವ. ಹಿತ್ತಾಳಿ ಪುಡಿಯ ಪೇಂಟ್ ಆದ್ರ ಕಂದಾಗಿ ಹಸರಾಗಿ ಸತ್ತಂಗ ಕಾಣತೈತಿ. ರೇಕಿದ್ರ ನೀರು ಮುಟ್ಟಸಬ್ಯಾಡ್ರಿ, ಹಸಿ ಬಟ್ಟಿಯಿಂದ ಒರಸಿದ್ರ ಚಿನ್ನ ಬಟ್ಟಿಗೆ ಬಂದುಬಿಡತೈತಿ, ಅದರ ಕೆಳಗಿರೂದು ಸೀಮೆಸುಣ್ಣದ ಪುಡಿ ಮತ್ತ ತೊಗಲಿನ ಅಂಟು ಕಲಸಿದ ಲೇಪ, ಅದೂ ನೀರಿಗೆ ಕರಗತೈತಿ. ಮೆತ್ತನ ಬ್ರಷ್, ಒಣದು, ಅಷ್ಟ. ಮರದಾಗ ಸೂಜಿತೂತು ಇದ್ದು ಹೊಸ ಹಿಟ್ಟಿನಂಥ ಪುಡಿ ಉದರತಿದ್ರ ಹುಳ ಇನ್ನೂ ಜೀವಂತ ಐತಿ, ಮನಿಯೊಳಗ ತರೂ ಮೊದಲ ಅದಕ್ಕ ಔಷಧ ಮಾಡಸ್ರಿ, ಇಲ್ಲಂದ್ರ ನಿಮ್ಮ ಕಪಾಟೂ ತಿಂತಾವ.

ದುಂಡುಗನ್ನಡಿ:

ಉಳಿದ ಮೂರರ ಬಗ್ಗೆ ಯಾರೂ ಹೇಳಿಲ್ಲ ಅಂತ ಬಂದೆ. ಮೊದಲು ಆ ಶೇವಿಂಗ್ ಕನ್ನಡಿ ಎಲ್ಲಿಟ್ಟಿದೀರ? ಕಿಟಕಿ ಹತ್ತಿರ ಇದ್ರೆ ಇವತ್ತೇ ತೆಗೀರಿ. ಮುಖ ದೊಡ್ಡದು ತೋರಿಸೋ ಕನ್ನಡಿ ಒಳಗೆ ತಗ್ಗಾಗಿರುತ್ತೆ, ಬಿಸಿಲು ಬಿದ್ರೆ ಒಂದೇ ಚುಕ್ಕೆಗೆ ಸೇರಿಸಿ ಪರದೆ, ಸೋಫಾ, ಪುಸ್ತಕ ಏನಿದೆಯೋ ಅದನ್ನ ಸುಡುತ್ತೆ, ಇದರಿಂದ ಮನೆಗಳಿಗೆ ಬೆಂಕಿ ಬಿದ್ದಿರೋದು ಉಂಟು. ನಮ್ಮನೇಲೇ ಕಿಟಕಿ ಕಟ್ಟೆ ಮೇಲಿಟ್ಟಿದ್ದೆ, ಒಂದು ದಿನ ಪರದೆಯಲ್ಲಿ ಉದ್ದಕ್ಕೆ ಕಂದು ಗೆರೆ, ಸೂರ್ಯ ಸರಿದ ಹಾಗೆ ಅದೂ ಸರಿದಿತ್ತು. ಇಸ್ತ್ರಿಪೆಟ್ಟಿಗೆ ತಾಗಿಸಿದ್ಯಾರು ಅಂತ ವಾರ ಪೂರ್ತಿ ಮನೆಯವರ ಮೇಲೆ ಕೂಗಾಡಿದೀನಿ. ಬಿಸಿಲು ಬರದ ಕೋಣೇಲಿ ಕಪಾಟಿನ ಮೇಲೆ ಇಡಿ, ಬಳಸದಾಗ ಗೋಡೆ ಕಡೆ ತಿರುಗಿಸಿ.

ಹೊರಗೆ ಉಬ್ಬಿದ ದುಂಡು ಕನ್ನಡಿಗೆ ಆ ಭಯ ಇಲ್ಲ, ಅದು ಬೆಳಕು ಚದುರಿಸುತ್ತೆ. ನಾಲ್ಕರಲ್ಲಿ ನನಗೆ ಹೊಟ್ಟೆಕಿಚ್ಚು ಆಗಿದ್ದು ಅದಕ್ಕೇ. ಯಾನ್ ವಾನ್ ಐಕ್ 1434ರಲ್ಲಿ ಬರೆದ ಆರ್ನೋಲ್ಫಿನಿ ದಂಪತಿಯ ಚಿತ್ರ ನೋಡಿದೀರಾ, ಹಿಂದಿನ ಗೋಡೆ ಮೇಲೆ ಇಂಥದ್ದೇ ಒಂದಿದೆ, ಅದರಲ್ಲಿ ದಂಪತಿಯ ಬೆನ್ನು, ಕಿಟಕಿ, ಬಾಗಿಲಲ್ಲಿ ನಿಂತ ಇನ್ನಿಬ್ಬರು ಎಲ್ಲಾ ಇದಾರೆ. ದೊಡ್ಡ ಚಪ್ಪಟೆ ಗಾಜು ಮಾಡೋಕೆ ಬರದ ಕಾಲದಲ್ಲಿ ಗಾಜಿನ ಗುಳ್ಳೆ ಊದಿ ಕತ್ತರಿಸಿದ್ರೆ ಉಬ್ಬುಗನ್ನಡಿ ಸುಲಭಕ್ಕೆ ಸಿಗ್ತಿತ್ತು. ಆಮೇಲೆ ಅದೇ ಶೋಕಿ ಆಯ್ತು. ನಿಮ್ಮ ಕತ್ತಲೆ ಪ್ಯಾಸೇಜ್ ಕೊನೇಲಿ, ಹಾಲ್ ಕಡೆ ಮುಖ ಮಾಡಿ ಅದೊಂದನ್ನೇ ಹಾಕಿ, ಜೊತೆಗೆ ಏನೂ ಬೇಡ. ದೂರದ ಕಿಟಕಿ ಒಂದು ಬಿಳಿ ಚುಕ್ಕೆ ಆಗಿ ಅದರಲ್ಲಿ ಕೂರುತ್ತೆ, ನಡೆದು ಹೋಗುವಾಗ ಅದೂ ಜೊತೆಗೆ ಜಾರುತ್ತೆ.

ಗುಲಾಬಿ ಗಾಜಿಂದು, ಚೌಕಟ್ಟಿಲ್ಲ, ಬೀಸಣಿಗೆ ಆಕಾರ ಅಂದ್ರೆ 1930ರ ಆಸುಪಾಸಿನ ಆರ್ಟ್ ಡೆಕೋ ಶೈಲಿ. ಆಗ ಪೀಚ್ ಬಣ್ಣದ್ದು, ಕಡು ನೀಲಿದು ಬಹಳ ನಡೀತಿತ್ತು. ಶೈಲಿ ಅದು ಅಂದ್ರೆ ಅದೇ ಕಾಲದ್ದು ಅಂತಲ್ಲ, ನಕಲೂ ಬಂದಿವೆ. ಏನೇ ಇರ್ಲಿ, ಆ ಬಣ್ಣದಲ್ಲಿ ಎಲ್ಲರ ಮುಖವೂ ಚೆನ್ನಾಗಿ ನಿದ್ದೆ ಮಾಡಿ ಎದ್ದ ಹಾಗೆ ಕಾಣುತ್ತೆ, ಮಲಗೋ ಕೋಣೆಗೆ ಹೇಳಿ ಮಾಡಿಸಿದ್ದು. ಬಚ್ಚಲಲ್ಲಿ ಮಾತ್ರ ಹಾಕ್ಬೇಡಿ, ಚೌಕಟ್ಟಿಲ್ಲದ ಗಾಜಿನ ಅಂಚಿಗೆ ಹಬೆ ಹೊಕ್ಕಿ ಕಪ್ಪು ಹಿಡಿಯುತ್ತೆ. ಒರೆಸುವಾಗಲೂ ಅಷ್ಟೇ, ಗ್ಲಾಸ್ ಕ್ಲೀನರನ್ನ ನೇರ ಕನ್ನಡಿಗೆ ಚಿಮುಕಿಸಿದ್ರೆ ಅಂಚಿಗೆ ಇಳಿದು ಬೆಳ್ಳಿ ತಿನ್ನುತ್ತೆ, ಬಟ್ಟೆಗೆ ಒಂಚೂರು ತೇವ ಮಾಡ್ಕೊಂಡು ನಡುವೆ ಒರೆಸಿ ಅಂಚನ್ನ ಒಣಬಟ್ಟೆಯಲ್ಲಿ ಮುಗಿಸಿ.

ನಾಲ್ಕನ್ನೂ ಒಂದೇ ಗೋಡೆಗೆ ಗುಂಪು ಹಾಕೋದು ಬೇಡ ಅನ್ನೋದ್ರಲ್ಲಿ ನಾನು ನಾದಿನಿ ಕಡೆ. ಒಂದಕ್ಕೊಂದು ಏನಾದ್ರೂ ಸಮಾನ ಇದ್ರೆ ಗುಂಪು ಚೆಂದ, ಎಲ್ಲಾ ದುಂಡಗೆ ಅಂತಲೋ ಎಲ್ಲಾ ಕರಿ ಚೌಕಟ್ಟು ಅಂತಲೋ. ನಿಮ್ಮವು ನಾಲ್ಕು ನಾಲ್ಕು ದಿಕ್ಕಿಗೆ ಮುಖ ಮಾಡಿರೋ ನೆಂಟರು.

ಹೊಸಬ_22:

ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ಅಟ್ಟದಲ್ಲಿ ಸಿಗದವರು ಕೊಂಡ್ಕೋಬೇಕು ಅಂದ್ರೆ ಅಸಲಿ ಹಳೇದು ಅಂತ ಹೇಗೆ ಗುರುತಿಸೋದು? ನಾನು ಹೋದ ಕಡೆಯೆಲ್ಲ ಮಚ್ಚೆ ಇರೋದೇ ತೋರಿಸಿ ಆಂಟಿಕ್ ಅಂತಿದಾರೆ.

ಹಳೆಗಾಜು:

ಮಚ್ಚೆಯನ್ನ ಆಸಿಡ್ ಚಿಮುಕಿಸಿ ಒಂದು ಗಂಟೇಲಿ ತರಿಸಬಹುದು ಕಣಪ್ಪ, ಅದನ್ನೇ ಮಾಡಿ ಮಾರ್ತಾರೆ ಕೂಡ. ಅದು ತಪ್ಪೇನಲ್ಲ, ಹೊಸದು ಅಂತ ಹೇಳಿ ಮಾರಿದ್ರೆ. ಗೋಡೆ ತುಂಬ ಮಂಕು ಕನ್ನಡಿ ಹೊದಿಸೋರಿಗೆ ಅದೇ ಒಳ್ಳೇದು, ಪಾದರಸದ ತಲೆನೋವೂ ಇಲ್ಲ. ಗುರುತು ಏನಂದ್ರೆ ತರಿಸಿದ ಮಚ್ಚೆ ಮೈ ತುಂಬ ಒಂದೇ ಸಮ ಇರುತ್ತೆ. ತಾನಾಗಿ ಬಂದದ್ದು ತೇವ ಎಲ್ಲಿಂದ ಬಂತೋ ಅಲ್ಲಿಂದ ಶುರು, ಅಂಚು, ಕೆಳಗಿನ ಮೂಲೆ, ಹಿಂದಿನ ಹಲಗೆಯ ಸಂದಿ ಎದುರಿಗೆ ಉದ್ದುದ್ದ ಗೆರೆ.

ನನ್ನ ಮಟ್ಟಿಗೆ ಕನ್ನಡಿ ಕೊಳ್ಳೋದು ಅಂದ್ರೆ ಬೆನ್ನು ನೋಡೋದು. ಮುಂದೆ ಎರಡು ನಿಮಿಷ, ಹಿಂದೆ ಹತ್ತು ನಿಮಿಷ. ಹಳೇ ಹಲಗೆ ಒಣಗಿ ಕುಗ್ಗಿ ಸಂದಿ ಬಿಟ್ಟಿರುತ್ತೆ, ಗಾಳಿ ತಾಗಿದ ಕಡೆ ಕಪ್ಪು, ಮುಚ್ಚಿದ ಕಡೆ ತಿಳಿ. ಪ್ಲೈವುಡ್ ಇದ್ರೆ 20ನೇ ಶತಮಾನದ್ದು ಇಲ್ಲಾ ಹಿಂಭಾಗ ಬದಲಾಯಿಸಿದಾರೆ. ಪ್ಲಸ್ ಗುರುತಿನ ಸ್ಕ್ರೂ ಇದ್ರೆ ಅದು ಮಾರುಕಟ್ಟೆಗೆ ಬಂದಿದ್ದೇ 1930ರ ದಶಕದಲ್ಲಿ, ಹಾಗಾಗಿ 1850ರ ಕನ್ನಡಿ ಅಂತ ಹೇಳ್ತಿದ್ರೆ ಆ ಸ್ಕ್ರೂ ಯಾವಾಗ ಬಂತು ಅಂತ ಕೇಳು. ಒಂದೆರಡು ಬದಲಾಗಿರಬಹುದು, ಎಲ್ಲಾ ಅದೇ ಇದ್ರೆ ನಮಸ್ಕಾರ ಹೇಳಿ ಬಾ.

ಗಾಜಿಗೆ ಪೆನ್ಸಿಲ್ ತುದಿ ಮುಟ್ಟಿಸಿ ನೋಡು. ತುದಿಗೂ ಅದರ ಪ್ರತಿಬಿಂಬಕ್ಕೂ ಇರೋ ಸಂದಿ ಗಾಜಿನ ದಪ್ಪ ಹೇಳುತ್ತೆ. ಹಳೇ ಗಾಜು ಹೆಚ್ಚಾಗಿ ತೆಳು, ಜಾಗದಿಂದ ಜಾಗಕ್ಕೆ ದಪ್ಪ ಬೇರೆ, ನಾಲ್ಕು ಮೂಲೇಲೂ ನೋಡು. ಆಮೇಲೆ ಕಿಟಕಿ ಚೌಕಟ್ಟಿನಂಥ ನೇರ ಗೆರೆಯ ಪ್ರತಿಬಿಂಬ ನೋಡ್ತಾ ತಲೆ ಆಚೆ ಈಚೆ ಆಡಿಸು, ಗೆರೆ ನೀರಲ್ಲಿದ್ದ ಹಾಗೆ ಅಲುಗಿದ್ರೆ 1959ರಲ್ಲಿ ಪಿಲ್ಕಿಂಗ್‌ಟನ್ ಕಂಪನಿ ಕರಗಿದ ತವರದ ಮೇಲೆ ಗಾಜು ತೇಲಿಸೋ ವಿಧಾನ ತರೋ ಮುಂಚಿನದು ಇರಬಹುದು. ಅಲುಗಲಿಲ್ಲ ಅಂದ್ರೆ ಹೊಸದು ಅಂತ ಹೇಳಕ್ಕಾಗಲ್ಲ, ಉಜ್ಜಿ ನಯ ಮಾಡಿದ ಹಳೇ ಗಾಜೂ ಚಪ್ಪಟೆಯೇ. ಅಂಚಿನ ಓರೆ ಕಡೆತದ ಮೇಲೆ ಬೆರಳಾಡಿಸು: ಕೈಯಲ್ಲಿ ಉಜ್ಜಿದ್ದು ಎಲ್ಲಿ ಶುರುವಾಯ್ತು ಅಂತ ಬೆರಳಿಗೆ ಗೊತ್ತೇ ಆಗಲ್ಲ, ಮೆಷಿನ್‌ದು ಬರೆ ಎಳೆದ ಹಾಗೆ. ನೂರು ವರ್ಷ ದಾಟಿದ್ರೆ ಆಂಟಿಕ್, ಅದಕ್ಕಿಂತ ಚಿಕ್ಕದಾದ್ರೆ ವಿಂಟೇಜ್ ಅನ್ನೋದು ರೂಢಿ, ಮಾರೋರ ಬಾಯಲ್ಲಿ ಎರಡೂ ಒಂದೇ. ಚೆನ್ನಾಗಿ ಕಂಡ್ರೆ, ಕೇಳಿದ ದುಡ್ಡು ವಿಂಟೇಜ್‌ಗೆ ಸರಿ ಅನ್ನಿಸಿದ್ರೆ ತಗೋ, ಆಂಟಿಕ್ ಅಂತ ಗೊತ್ತಾದ್ರೆ ಅದು ಲಾಭ.

ಮೂಲೆಮನೆ:

ಬರೋಕೆ ಐದು ವಾರ ಆಯ್ತು, ಕ್ಷಮಿಸಿ. ಗುಂಡುಗಳನ್ನ ಹೇಳಿದ ಹಾಗೇ ಡಬ್ಬಕ್ಕೆ ತುಂಬಿ ಕೊಟ್ಟು ಬಂದ್ವಿ. ಸಂರಕ್ಷಣೆ ಮಾಡೋರು ಒಬ್ಬರು ಬಂದು ನೋಡಿ, ಪಾದರಸದ್ದೇ ಅಂತ ಹೇಳಿ, ಕೆಳ ಅಂಚು ಶುಚಿ ಮಾಡಿ ಹಿಂದಿನ ಸಂದಿ ಎಲ್ಲ ಮುಚ್ಚಿದ್ರು. ಅದನ್ನ ನೋಡಿದ್ಮೇಲೆ ನಮ್ಮ ಯಜಮಾನರು ಕೆರೆಸೋ ಮಾತೇ ಎತ್ತಿಲ್ಲ, ಬದಲಿಗೆ ಬಂದವರಿಗೆಲ್ಲ ಲೀಬಿಗ್ ಕಥೆ ತಾವೇ ಕಂಡುಹಿಡಿದ ಹಾಗೆ ಹೇಳ್ತಿದಾರೆ.

ಹಾಲ್‌ನಲ್ಲಿ ಕಿಟಕಿ ಪಕ್ಕದ ಗೋಡೆಗೆ, ಕೆಳಗೆ ಪಟ್ಟಿ ಕೊಟ್ಟು ನಿಲ್ಲಿಸಿದೀವಿ, ರೀಪುಪಟ್ಟಿ ಅಣ್ಣ ಹೇಳಿದ್ದಂತೆ. ಮೊದಲ ದಿನ ಎರಡು ಗಾಜು ಸೇರೋ ಗೆರೆ ಸರಿಯಾಗಿ ನನ್ನ ಕುತ್ತಿಗೆಗೆ ಬಂದು ತಲೆ ಬೇರೆ ಮೈ ಬೇರೆ ಕಾಣ್ತಿತ್ತು, ಇಳಿಸಿ ನಾಲ್ಕು ಬೆರಳು ಕೆಳಗೆ ಹಾಕಿದ್ವಿ. ಸಂಜೆ ನಾಲ್ಕೂವರೆಯಿಂದ ಐದೂವರೆ ತನಕ ಆ ಬೂದು ಮಚ್ಚೆಗಳ ಮೇಲೆ ಬೆಳಕು ಹರಿಯೋದು ನೋಡೋಕೆ ನಾನೀಗ ಕುರ್ಚಿ ಜಾಗ ಬದಲಾಯಿಸಿದೀನಿ. ದುಂಡನೇದು ಪ್ಯಾಸೇಜ್ ಕೊನೇಲಿ. ಶೇವಿಂಗ್ ಕನ್ನಡಿ ಗೋಡೆ ಕಡೆ ತಿರುಗಿ ಕೂತಿದೆ. ಗುಲಾಬಿದರ ಮುಂದೆ ನಾದಿನಿ ಹತ್ತು ನಿಮಿಷ ನಿಂತಿದ್ದು, ಇದು ನಿಂಗೆ ಬೇಕಾ ಬೇಡ್ವಾ ಅಂತ ಕೇಳಿದ್ಲು.

ಬಿಸಿಲುಕೋಲು:

ಹೇಳಿದ್ದು ಸಾಕು, ಫೋಟೋ ಹಾಕಿ!

ಮೂಲೆಮನೆ:

ಮೂರು ದಿನದಿಂದ ಪ್ರಯತ್ನ ಮಾಡ್ತಿದೀನಿ, ಎಲ್ಲಿ ನಿಂತು ತೆಗೆದ್ರೂ ರಾತ್ರಿ ಉಡುಗೆಯಲ್ಲಿ ಫೋನ್ ಹಿಡ್ಕೊಂಡ ನಾನೇ ಬರ್ತಿದೀನಿ.

ದುಂಡುಗನ್ನಡಿ:

ಚಪ್ಪಟೇದ್ದಕ್ಕೆ ಒಂದು ಪಕ್ಕಕ್ಕೆ ಸರಿದು ಓರೆಯಾಗಿ ತೆಗೀರಿ, ನೀವು ಬರಲ್ಲ. ದುಂಡನೇದಕ್ಕೆ ಮಾತ್ರ ಉಪಾಯ ಇಲ್ಲ, ಬೇರೆ ಬಟ್ಟೆ ಹಾಕ್ಕೊಳ್ಳಿ.